ಐಹೊಳೆಯ ಪ್ರಶಸ್ತಿಯ ಕಾಲಗಣನೆ: ಭಾರತಯುದ್ಧದ ಸಾಕ್ಷ್ಯವೋ, ಗ್ರಹಗಣಿತದ ಫಲವೋ?

೧

ಹುನಗುಂದ ಸೀಮೆಯ ಐಹೊಳೆಯಲ್ಲಿ, ಊರ ಮಗ್ಗುಲಿನ ಗುಡ್ಡದ ಮೇಲಿರುವ ಮೇಗುತಿ ಜಿನಾಲಯದ ಶಾಸನವು ಕರ್ನಾಟಕದ ಇತಿಹಾಸವನ್ನು ಅಭ್ಯಸಿಸುವ ಯಾರಿಗೂ ಹೊಸದಲ್ಲ. ಬಾದಾಮಿಯ ಚಾಲುಕ್ಯರ ವಂಶಾವಳಿ, ಇಮ್ಮಡಿ ಪುಲಕೇಶಿಯ ದಿಗ್ವಿಜಯ, ಹರ್ಷವರ್ಧನನ ಪರಾಭವ, ಕಾಳಿದಾಸ ಭಾರವಿಗಳ ಕಾಲನಿರ್ಣಯ ಇವೇ ಮೊದಲಾದ ವಿಷಯಗಳಿಗಾಗಿ ನಾವು ಅದನ್ನು ಮತ್ತೆ ಮತ್ತೆ ಉದಾಹರಿಸುತ್ತೇವೆ. ಫ್ಲೀಟರು ಇಂಡಿಯನ್ ಆ್ಯಂಟಿಕ್ವರಿಯಲ್ಲಿಯೂ, ಕೀಲ್‌ಹಾರ್ನರು ಎಪಿಗ್ರಾಫಿಯಾ ಇಂಡಿಕಾದ ಆರನೆಯ ಸಂಪುಟದಲ್ಲಿಯೂ ಇದನ್ನು ಸಂಪಾದಿಸಿ ಪ್ರಕಟಿಸಿದ ಮೇಲೆ ಅದರ ರಾಜಕೀಯ ಭಾಗವು ಸಾಕಷ್ಟು ಚರ್ಚೆಗೆ ಒಳಗಾಗಿದೆ. ಆದರೆ ಶಾಸನದ ಕೊನೆಯಲ್ಲಿ ಬರುವ ಕಾಲನಿರ್ದೇಶದ ಎರಡು ಶ್ಲೋಕಗಳನ್ನು ತೇದಿಗಾಗಿ ಓದಿ ಮುಂದಕ್ಕೆ ಸಾಗುವುದೇ ನಮ್ಮ ರೂಢಿಯಾಗಿದೆ.

ಈ ಅಲಕ್ಷ್ಯದ ಫಲವನ್ನು ನಾವು ಪಾಠದ ಕೊಠಡಿಯಲ್ಲಿಯೇ ಕಾಣುತ್ತೇವೆ. ಬಾಗಲಕೋಟೆ, ಇಳಕಲ್ಲು, ಹುನಗುಂದಗಳ ವಿದ್ಯಾರ್ಥಿಗಳನ್ನು ಮೇಗುತಿಯ ಗುಡ್ಡ ಹತ್ತಿಸಿ ಆ ಗೋಡೆಯ ಮುಂದೆ ನಿಲ್ಲಿಸಿದಾಗಲೆಲ್ಲ ಅವರಲ್ಲಿ ಒಬ್ಬನಾದರೂ ಕೇಳುವ ಪ್ರಶ್ನೆ ಒಂದೇ: “ಭಾರತಯುದ್ಧ ಕ್ರಿಸ್ತಪೂರ್ವ ೩೧೦೨ರಲ್ಲಿ ನಡೆಯಿತೆಂಬುದಕ್ಕೆ ಇದೇ ಕಲ್ಲು ಆಧಾರವಲ್ಲವೇ?” ಪ್ರಶ್ನೆಯಲ್ಲಿ ತಪ್ಪಿಲ್ಲ. ಶಾಸನವು ಆ ಯುದ್ಧದಿಂದ ಇಷ್ಟು ವರ್ಷ ಕಳೆಯಿತೆಂದು ಸ್ಪಷ್ಟವಾಗಿ ಹೇಳುತ್ತದೆ. ಶಾಸನವನ್ನು ಇತಿಹಾಸದ ಪ್ರಥಮ ಆಧಾರವೆಂದು ಕಲಿಸಿದವರು ನಾವೇ. ಹೀಗಿರಲು, ಒಂದು ಮಾತನ್ನು ನಂಬಿ ಇನ್ನೊಂದನ್ನು ಬಿಡಬೇಕಾದರೆ ಅದಕ್ಕೆ ಕಾರಣವನ್ನು ಕೊಡಬೇಕಾದ ಹೊಣೆಯೂ ನಮ್ಮದೇ ಆಗಿದೆ.

ಪ್ರಕೃತ ಲೇಖನದಲ್ಲಿ ಆ ಕಾರಣವನ್ನು ಪರಿಶೀಲಿಸಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ಮೇಗುತಿಯ ಶಾಸನವು ಭಾರತಯುದ್ಧದ ಕಾಲಕ್ಕೆ ಸಾಕ್ಷ್ಯವಲ್ಲ; ಐದನೆಯ ಶತಮಾನದ ಕೊನೆಯಲ್ಲಿ ರೂಪುಗೊಂಡ ಒಂದು ವಿಶ್ವರಚನೆಯ ಸಿದ್ಧಾಂತವು ಏಳನೆಯ ಶತಮಾನದ ಕನ್ನಡ ನಾಡಿನ ಅರಮನೆಯನ್ನು ಮುಟ್ಟಿತ್ತೆಂಬುದಕ್ಕೆ ಅದು ಸಾಕ್ಷ್ಯ. ಈ ಎರಡನೆಯ ಬೆಲೆ ಮೊದಲನೆಯದಕ್ಕಿಂತ ಕಡಿಮೆಯದೆಂದು ನಮಗೆ ತೋರುವುದಿಲ್ಲ.

೨

ಶಾಸನದ ಲೆಕ್ಕವು ಹೀಗಿದೆ. ಕವಿ ರವಿಕೀರ್ತಿಯು ಅಂಕಿಗಳನ್ನು ಬಿಡಿ ಬಿಡಿಯಾಗಿ ಶ್ಲೋಕದಲ್ಲಿ ಹೆಣೆದಿದ್ದಾನೆ: ಮೂವತ್ತು, ಮೂರು ಸಾವಿರ, ಏಳುನೂರು, ಐದು. ಇವನ್ನು ಕೂಡಿಸಿದರೆ ೩೭೩೫. ಭಾರತಯುದ್ಧದಿಂದ ಇಷ್ಟು ವರ್ಷಗಳು ಸಂದಿವೆ. ಮುಂದಿನ ಶ್ಲೋಕದಲ್ಲಿ ಐವತ್ತು, ಆರು, ಐನೂರು, ಅಂದರೆ ೫೫೬. ಇದು ಕಲಿಕಾಲದಲ್ಲಿ ಶಕರಾಜರ ಸಂದ ವರ್ಷಗಳ ಸಂಖ್ಯೆ. ಶಕ ೫೫೬ ಸಂದಿತೆಂದರೆ ಕ್ರಿ.ಶ. ೬೩೪–೩೫. ಇಲ್ಲಿಯವರೆಗೆ ವಿವಾದಕ್ಕೆ ಆಸ್ಪದವಿಲ್ಲ.

ಈಗ ಮೊದಲ ಸಂಖ್ಯೆಯಿಂದ ಎರಡನೆಯದನ್ನು ಕಳೆಯೋಣ. ೩೭೩೫ರಲ್ಲಿ ೫೫೬ ಹೋದರೆ ಉಳಿಯುವುದು ೩೧೭೯. ನಮ್ಮ ವಾದವೆಲ್ಲ ಈ ಶೇಷದ ಮೇಲೆ ನಿಂತಿದೆ. ಏಕೆಂದರೆ ೩೧೭೯ ಎಂಬುದು ಪುರಾಣಗಳಲ್ಲಿ ದೊರೆಯುವ ಸಂಖ್ಯೆಯಲ್ಲ. ಯಾವ ರಾಜವಂಶದ ಆಳಿಕೆಗಳನ್ನು ಕೂಡಿಸಿ ಬಂದುದೂ ಅಲ್ಲ. ಅದು ಜ್ಯೋತಿಷ ಸಿದ್ಧಾಂತಗ್ರಂಥಗಳ ಸಂಖ್ಯೆ. ಬ್ರಹ್ಮಗುಪ್ತನು ಶಕ ೫೫೦ರಲ್ಲಿ, ಅಂದರೆ ಕ್ರಿ.ಶ. ೬೨೮ರಲ್ಲಿ, ರಚಿಸಿದ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಶಕದ ಆರಂಭಕ್ಕೆ ಕಲಿಯ ೩೧೭೯ ವರ್ಷಗಳು ಕಳೆದಿದ್ದವೆಂದು ಇದನ್ನೇ ಹೇಳಿದ್ದಾನೆ. ಗ್ರಹಗಳ ಸ್ಥಾನವನ್ನು ತಿಳಿಯಬಯಸುವ ಗಣಕನು ಶಕವರ್ಷಕ್ಕೆ ಈ ಸಂಖ್ಯೆಯನ್ನು ಕೂಡಿಸಿ ಕಲಿವರ್ಷವನ್ನು ಪಡೆಯಬೇಕು; ಅದರಿಂದ ಅಹರ್ಗಣವನ್ನು, ಎಂದರೆ ಕಲಿಯ ಆದಿಯಿಂದ ಕಳೆದ ದಿನಗಳ ಮೊತ್ತವನ್ನು ತೆಗೆಯಬೇಕು. ಪಂಚಾಂಗದ ಕೆಲಸ ಅಲ್ಲಿಂದ ಮೊದಲಾಗುತ್ತದೆ. ಬ್ರಹ್ಮಗುಪ್ತನ ಗ್ರಂಥಕ್ಕೂ ಮೇಗುತಿಯ ಶಾಸನಕ್ಕೂ ನಡುವಿನ ಅಂತರ ಕೇವಲ ಆರು ವರ್ಷ.

೩

ಕಲಿಯ ಆದಿಯನ್ನು ಗಣಕರು ಹೇಗೆ ಗೊತ್ತುಮಾಡಿದರು? ಇದನ್ನು ತಿಳಿಯಲು ಆರ್ಯಭಟನ ವಿಶ್ವವನ್ನು ಸ್ವಲ್ಪದರಲ್ಲಿ ನೋಡಬೇಕಾಗುತ್ತದೆ.

ಆರ್ಯಭಟನ ಪ್ರಕಾರ ಭೂಮಿಯು ಗೋಲಾಕಾರವಾಗಿ, ಯಾವ ಆಧಾರವೂ ಇಲ್ಲದೆ ಆಕಾಶದ ಮಧ್ಯದಲ್ಲಿದೆ. ಅದರ ಸುತ್ತ ಕೆಳಗಿನಿಂದ ಮೇಲಕ್ಕೆ ಚಂದ್ರ, ಬುಧ, ಶುಕ್ರ, ಸೂರ್ಯ, ಮಂಗಳ, ಗುರು, ಶನಿಗಳ ಕಕ್ಷೆಗಳು, ಅವುಗಳಾಚೆ ನಕ್ಷತ್ರಗಳು. ಗ್ರಹಗಳ ವೇಗದ ಹೆಚ್ಚುಕಡಿಮೆಯನ್ನು ಮಂದ, ಶೀಘ್ರ ಎಂಬ ಚಿಕ್ಕ ಪರಿಧಿಗಳಿಂದ ಅವನು ಸಾಧಿಸುತ್ತಾನೆ. ನಕ್ಷತ್ರಗಳ ದೈನಂದಿನ ಉದಯಾಸ್ತಗಳಿಗೆ ಭೂಮಿಯು ತನ್ನಲ್ಲಿಯೇ ತಿರುಗುವುದು ಕಾರಣವೆಂದು ಅವನು ಹೇಳಿದುದು ಸುಪ್ರಸಿದ್ಧ. ವರಾಹಮಿಹಿರನೂ ಬ್ರಹ್ಮಗುಪ್ತನೂ ಈ ಮಾತನ್ನು ಒಪ್ಪಲಿಲ್ಲ. ಭೂಮಿ ತಿರುಗುವುದಾದರೆ ಗೂಡು ಬಿಟ್ಟು ಹಾರಿದ ಹಕ್ಕಿ ಮರಳಿ ಗೂಡನ್ನು ಸೇರುವುದೆಂತು ಎಂಬುದು ವರಾಹಮಿಹಿರನ ಆಕ್ಷೇಪಣೆಯಾಗಿತ್ತು.

ನಮಗೆ ಇಲ್ಲಿ ಮುಖ್ಯವಾದುದು ಅವನ ಕಾಲಮಾನ. ೪೩,೨೦,೦೦೦ ವರ್ಷಗಳ ಒಂದು ಯುಗದಲ್ಲಿ ಪ್ರತಿಯೊಂದು ಗ್ರಹವೂ ಪೂರ್ಣಸಂಖ್ಯೆಯ ಸುತ್ತುಗಳನ್ನು ಮುಗಿಸುತ್ತದೆಂದು ಅವನ ನಿಯಮ. ಈ ಸುತ್ತುಗಳಿಗೆ ಭಗಣಗಳೆಂದು ಹೆಸರು. ಶನಿಯ ಭಗಣಗಳು ೧,೪೬,೫೬೪, ಗುರುವಿನವು ೩,೬೪,೨೨೪, ಮಂಗಳನವು ೨೨,೯೬,೮೨೪, ಚಂದ್ರನವು ೫,೭೭,೫೩,೩೩೬. ಯುಗವನ್ನು ಆರ್ಯಭಟನು ೧೦,೮೦,೦೦೦ ವರ್ಷಗಳ ನಾಲ್ಕು ಸಮಪಾದಗಳಾಗಿ ವಿಭಾಗಿಸುತ್ತಾನೆ. ಕಲಿಯು ನಾಲ್ಕನೆಯ ಪಾದ.

ವಿದ್ಯಾರ್ಥಿಗಳು ಮೇಲಿನ ಸಂಖ್ಯೆಗಳನ್ನು ನಾಲ್ಕರಿಂದ ಭಾಗಿಸಿ ನೋಡಲಿ. ಶನಿಗೆ ೩೬,೬೪೧, ಗುರುವಿಗೆ ೯೧,೦೫೬, ಮಂಗಳನಿಗೆ ೫,೭೪,೨೦೬, ಚಂದ್ರನಿಗೆ ೧,೪೪,೩೮,೩೩೪. ಎಲ್ಲಿಯೂ ಶೇಷವಿಲ್ಲ. ಬುಧ ಶುಕ್ರರ ಸಂಖ್ಯೆಗಳಿಗೂ ಇದೇ ಗತಿ. ಇದು ಆಕಸ್ಮಿಕವಾಗಿರಲಾರದು. ಮೂರು ಪಾದಗಳು ಮುಗಿದು ಕಲಿ ಮೊದಲಾಗುವ ಕ್ಷಣದಲ್ಲಿ ಎಲ್ಲ ಗ್ರಹಗಳೂ ತಮ್ಮ ಸುತ್ತುಗಳನ್ನು ಪೂರೈಸಿ ಮೇಷರಾಶಿಯ ಆದಿಬಿಂದುವಿನಲ್ಲಿ ಒಂದುಗೂಡಿರಬೇಕೆಂಬ ಉದ್ದೇಶದಿಂದಲೇ ಈ ಸಂಖ್ಯೆಗಳನ್ನು ಆರಿಸಲಾಗಿದೆ. ಆ ಕ್ಷಣವು ಜೂಲಿಯನ್ ಲೆಕ್ಕದಲ್ಲಿ ಕ್ರಿ.ಪೂ. ೩೧೦೨ರ ಫೆಬ್ರವರಿ ೧೮, ಶುಕ್ರವಾರದ ಸೂರ್ಯೋದಯ.

ಇನ್ನು ಆರ್ಯಭಟನ ಸ್ವಂತ ಕಾಲ. ಕಲಿಯಲ್ಲಿ ಅರವತ್ತರ ಅರವತ್ತು ಪಟ್ಟು, ಅಂದರೆ ೩೬೦೦ ವರ್ಷಗಳು ಕಳೆದಾಗ ತನಗೆ ಇಪ್ಪತ್ತಮೂರು ವರ್ಷ ತುಂಬಿತ್ತೆಂದು ಅವನು ಹೇಳಿಕೊಂಡಿದ್ದಾನೆ. ಅದು ಕ್ರಿ.ಶ. ೪೯೯. ಮೂರು ಸಾವಿರದ ಆರುನೂರು ವರ್ಷಗಳೆಂದರೆ ಯುಗದ ೧೨೦೦ರಲ್ಲಿ ಒಂದು ಭಾಗ. ಶನಿಯ ಭಗಣಗಳನ್ನು ೧೨೦೦ರಿಂದ ಭಾಗಿಸಿದರೆ ೧೨೨ ಸುತ್ತುಗಳೂ ೪೯ ಅಂಶ ೧೨ ಕಲೆಗಳೂ ಬರುತ್ತವೆ. ಗುರುವಿಗೆ ೩೦೩ ಸುತ್ತುಗಳೂ ೧೮೭ ಅಂಶ ೧೨ ಕಲೆಗಳೂ. ಇವು ೪೯೯ರಲ್ಲಿ ಆ ಗ್ರಹಗಳ ಮಧ್ಯಮ ಸ್ಥಾನಗಳು.

ಇಲ್ಲಿ ಒಂದು ಸೂಕ್ಷ್ಮವಿದೆ. ಒಂದು ಗ್ರಹದ ಭಗಣಸಂಖ್ಯೆಯನ್ನು ನಾಲ್ಕರಷ್ಟು ಹೆಚ್ಚಿಸಿದರೂ ತಗ್ಗಿಸಿದರೂ ಕಲಿಯ ಆದಿಯಲ್ಲಿ ಅದು ಮೇಷಾದಿಯಲ್ಲಿಯೇ ಇರುತ್ತದೆ. ೪೯೯ರಲ್ಲಿ ಮಾತ್ರ ಅದರ ಸ್ಥಾನ ೧ ಅಂಶ ೧೨ ಕಲೆಯಷ್ಟು ಸರಿಯುತ್ತದೆ. ಆದುದರಿಂದ ಗಣಕನು ತನ್ನ ಕಾಲದ ಆಕಾಶದಲ್ಲಿ ಗ್ರಹವನ್ನು ಎಲ್ಲಿ ಕಂಡಿದ್ದರೂ, ೩೬ ಕಲೆಗಳಿಗಿಂತ ಹೆಚ್ಚಿನ ವ್ಯತ್ಯಾಸವಿಲ್ಲದಂತೆ, ಅದಕ್ಕೆ ಹೊಂದುವ ಒಂದು ಭಗಣಸಂಖ್ಯೆಯನ್ನು ಆರಿಸಿಕೊಳ್ಳಬಹುದು. ೩೬೦೦ ವರ್ಷಗಳ ಹಿಂದೆ ಗ್ರಹಗಳು ಒಂದುಗೂಡಿದ್ದವೆಂದು ಹೇಳಲು ಅಷ್ಟು ಹಿಂದಿನ ಯಾವ ದಾಖಲೆಯೂ ಬೇಕಾಗುವುದಿಲ್ಲ. ತನ್ನ ಕಾಲದ ವೇಧೆಯೂ ಜಾಣತನದ ಭಾಗಾಕಾರವೂ ಸಾಕು. ಕಲಿಯ ಆದಿಯು ನೋಡಿ ಬರೆದಿಟ್ಟ ತೇದಿಯಲ್ಲ. ಹಿಂದಕ್ಕೆ ಎಣಿಸಿ ತಲುಪಿದ ತೇದಿ.

೪

ಈ ತೀರ್ಮಾನಕ್ಕೆ ಬೇರೆ ದಿಕ್ಕಿನಿಂದಲೂ ಬೆಂಬಲವಿದೆ. ಫ್ರಾನ್ಸಿನ ಖಗೋಲಜ್ಞ ಬೈಯಿಯು ೧೭೮೭ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಕ್ರಿ.ಪೂ. ೩೧೦೨ರ ಗ್ರಹಸ್ಥಾನಗಳನ್ನು ಭಾರತೀಯರು ಪ್ರತ್ಯಕ್ಷ ಕಂಡೇ ಬರೆದಿಟ್ಟರೆಂದು ವಾದಿಸಿದ್ದನು. ಲಾಪ್ಲಾಸನು ಅದನ್ನು ಒಪ್ಪದೆ, ಆ ಕೂಟವು ಲೆಕ್ಕದ ಅನುಕೂಲಕ್ಕಾಗಿ ಕಲ್ಪಿತವಾದುದೆಂದನು. ಇಂದಿನ ಗಣಿತದಿಂದ ಆ ದಿನದ ಆಕಾಶವನ್ನು ಪರಿಶೀಲಿಸಿದರೆ, ಗ್ರಹಗಳು ಆಕಾಶದ ಒಂದೇ ಭಾಗದಲ್ಲಿ ಇದ್ದುದು ನಿಜವಾದರೂ ಅವು ಒಂದು ಬಿಂದುವಿನಲ್ಲಿ ಸೇರಿರಲಿಲ್ಲ. ಒಂದು ರಾಶಿಯ ಅಗಲಕ್ಕಿಂತಲೂ ಹೆಚ್ಚಾಗಿ ಚದರಿದ್ದವು. ರೋಜರ್ ಬಿಲಾರ್ಡ್ ೧೯೭೧ರ ತಮ್ಮ ಗ್ರಂಥದಲ್ಲಿ ಆರ್ಯಭಟನ ಎಲ್ಲ ಗ್ರಹಗಳ ಲೆಕ್ಕವೂ ನಿಜವಾದ ಆಕಾಶಕ್ಕೆ ಅತ್ಯಂತ ಸಮೀಪ ಬರುವುದು ಕ್ರಿ.ಶ. ೫೧೦ರ ಸುಮಾರಿಗೆ ಎಂದು ತೋರಿಸಿದರು. ವೇಧೆ ನಡೆದುದು ಯಾವಾಗ, ಬರಿಯ ಲೆಕ್ಕ ಹೋದುದು ಎಲ್ಲಿಯವರೆಗೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇದರಿಂದ ಆರ್ಯಭಟನ ಹಿರಿಮೆಗೆ ಕುಂದು ಬರುತ್ತದೆಂದು ಯಾರೂ ಭಾವಿಸಬೇಕಾಗಿಲ್ಲ. ಯೂರೋಪಿನಲ್ಲಿ ಸ್ಕಾಲಿಜರನು ೧೫೮೩ರಲ್ಲಿ ೨೮, ೧೯, ೧೫ ವರ್ಷಗಳ ಮೂರು ಚಕ್ರಗಳನ್ನು ಗುಣಿಸಿ ೭೯೮೦ ವರ್ಷಗಳ ಒಂದು ಮಹಾಚಕ್ರವನ್ನು ಮಾಡಿ, ಮೂರು ಚಕ್ರಗಳೂ ಒಟ್ಟಿಗೆ ಮೊದಲಾಗುವ ವರ್ಷವಾಗಿ ಕ್ರಿ.ಪೂ. ೪೭೧೩ನ್ನು ಗೊತ್ತುಮಾಡಿದನು. ಖಗೋಲಜ್ಞರು ಇಂದಿಗೂ ದಿನಗಳನ್ನು ಅಲ್ಲಿಂದಲೇ ಎಣಿಸುತ್ತಾರೆ. ಆ ವರ್ಷದಲ್ಲಿ ಯಾವುದೋ ಮಹಾಯುದ್ಧ ನಡೆದಿರಬೇಕೆಂದು ಅವರಾರೂ ಹುಡುಕುವುದಿಲ್ಲ. ಒಳ್ಳೆಯ ಎಣಿಕೆಗೆ ಒಂದು ಒಳ್ಳೆಯ ಮೊದಲು ಬೇಕು. ಆ ಮೊದಲನ್ನು ಘಟನೆಯೆಂದು ಭ್ರಮಿಸಿದಾಗಲೇ ತೊಡಕು.

೫

ಹಾಗಾದರೆ ರವಿಕೀರ್ತಿಯು ಕಲಿಯ ಆದಿ ಎಂದಷ್ಟೇ ಹೇಳದೆ ಭಾರತಯುದ್ಧವನ್ನು ಹೆಸರಿಸಿದುದೇಕೆ? ಯುದ್ಧವು ದ್ವಾಪರ ಕಲಿಗಳ ಸಂಧಿಯಲ್ಲಿ ನಡೆಯಿತೆಂಬ ಮಾತು ಮಹಾಭಾರತದಲ್ಲಿಯೇ ಇದೆ. ಆದರೆ ಆ ಸಂಧಿಯು ಶಕಕ್ಕೆ ಎಷ್ಟು ವರ್ಷ ಹಿಂದಿನದೆಂಬ ಸಂಖ್ಯೆ ಅಲ್ಲಿಲ್ಲ. ಆರ್ಯಭಟನು ತನ್ನ ಗೀತಿಕಾಪಾದದಲ್ಲಿ ಕಲ್ಪದ ಕಳೆದ ಕಾಲವನ್ನು ಹೇಳುವಾಗ ಭಾರತದ ಗುರುವಾರ ಎಂಬರ್ಥದ ಮಾತನ್ನು ಬಳಸುತ್ತಾನೆ. ಶುಕ್ರವಾರ ಕಲಿ ಮೊದಲಾಯಿತಷ್ಟೆ. ಅದರ ಹಿಂದಿನ ಗುರುವಾರ ದ್ವಾಪರದ ಕೊನೆಯ ದಿನ. ಹೀಗೆ ಇತಿಹಾಸಕಾವ್ಯವು ನೆರೆಯನ್ನು ತೋರಿಸಿತು, ಗಣಿತವು ಸಂಖ್ಯೆಯನ್ನು ಒದಗಿಸಿತು. ಇಳಕಲ್ಲ ಸೀರೆಯಲ್ಲಿ ಒಡಲಿನ ಎಳೆಗಳಿಗೂ ಸೆರಗಿನ ಎಳೆಗಳಿಗೂ ಕೊಂಡಿ ಹಾಕಿ ಕೂಡಿಸುವಂತೆ ಇವೆರಡೂ ಕೂಡಿಕೊಂಡಿವೆ. ಉಟ್ಟವರಿಗೆ ಅದು ಒಂದೇ ಬಟ್ಟೆ. ನೇಯ್ದವನಿಗೆ ಜೋಡಣೆ ಎಲ್ಲಿದೆಯೆಂದು ಗೊತ್ತು. ಇತಿಹಾಸಕಾರನು ನೇಕಾರನ ಕಣ್ಣಿನಿಂದ ನೋಡಬೇಕು.

ಈ ಜೋಡಣೆಯನ್ನು ಅಂದಿನ ಪಂಡಿತರೆಲ್ಲರೂ ಒಪ್ಪಿರಲಿಲ್ಲವೆಂಬುದು ಗಮನಾರ್ಹ. ಶಕ ೪೨೭ನ್ನು, ಅಂದರೆ ಕ್ರಿ.ಶ. ೫೦೫ನ್ನು, ತನ್ನ ಗಣಿತಕ್ಕೆ ಆಧಾರವರ್ಷವಾಗಿ ಹಿಡಿದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವೃದ್ಧಗರ್ಗನ ಮತವನ್ನು ಅನುಸರಿಸಿ, ಯುಧಿಷ್ಠಿರನ ಕಾಲವನ್ನು ತಿಳಿಯಲು ಶಕಕ್ಕೆ ೨೫೨೬ನ್ನು ಕೂಡಿಸಬೇಕೆನ್ನುತ್ತಾನೆ. ಈ ಮತದಂತೆ ಮೇಗುತಿಯ ಜಿನಾಲಯದ ಕಾಲಕ್ಕೆ ಪಾಂಡವರಿಂದ ಕಳೆದುದು ೩೦೮೨ ವರ್ಷ. ರವಿಕೀರ್ತಿಯ ಸಂಖ್ಯೆಗಿಂತ ೬೫೩ ಕಡಿಮೆ. ಹನ್ನೆರಡನೆಯ ಶತಮಾನದ ಕಲ್ಹಣನು ಈ ೬೫೩ನ್ನೇ ಹಿಡಿದು, ಕಲಿಯ ಅಷ್ಟು ವರ್ಷಗಳು ಕಳೆದ ಮೇಲೆ ಕೌರವ ಪಾಂಡವರು ಇದ್ದರೆಂದು ರಾಜತರಂಗಿಣಿಯಲ್ಲಿ ಬರೆದನು. ಪುರಾಣಗಳಾದರೋ ಪರೀಕ್ಷಿತನ ಜನ್ಮದಿಂದ ನಂದನ ಪಟ್ಟಾಭಿಷೇಕದವರೆಗೆ ಪಾಠಭೇದದಿಂದ ೧೦೧೫, ೧೦೫೦ ಅಥವಾ ೧೫೦೦ ವರ್ಷಗಳನ್ನು ಹೇಳುತ್ತವೆ. ನಂದರು ಕ್ರಿ.ಪೂ. ನಾಲ್ಕನೆಯ ಶತಮಾನದವರಾದುದರಿಂದ ಇವುಗಳಲ್ಲಿ ಯಾವುದನ್ನು ಹಿಡಿದರೂ ೩೧೦೨ರ ಹತ್ತಿರಕ್ಕೂ ಹೋಗಲಾಗುವುದಿಲ್ಲ. ನೆನಪಿನಲ್ಲಿ ಉಳಿದುಬಂದ ಒಂದು ತೇದಿ ಇದ್ದಿದ್ದರೆ ಇಷ್ಟು ಮತಭೇದಕ್ಕೆ ಎಡೆ ಇರುತ್ತಿರಲಿಲ್ಲ.

೬

ಬಾದಾಮಿಯ ಅರಸರ ಇತರ ಶಾಸನಗಳನ್ನು ಇದಕ್ಕೆ ಹೋಲಿಸೋಣ. ಮೊದಲನೆಯ ಪುಲಕೇಶಿಯು ಬಾದಾಮಿಯ ಬಂಡೆಯ ಮೇಲೆ ಕೋಟೆಯನ್ನು ಕಟ್ಟಿಸಿದಾಗಿನ ಶಾಸನವು ಶಕ ೪೬೫ರದು, ಕ್ರಿ.ಶ. ೫೪೩. ಮಂಗಲೇಶನು ಮೂರನೆಯ ಗುಹಾಲಯದಲ್ಲಿ ಬರೆಸಿದ ಶಾಸನವು ಶಕ ೫೦೦ರದು, ಕ್ರಿ.ಶ. ೫೭೮. ಇಮ್ಮಡಿ ಪುಲಕೇಶಿಯ ಹೈದರಾಬಾದ್ ತಾಮ್ರಪಟವು ಶಕ ೫೩೪ರದು, ಕ್ರಿ.ಶ. ೬೧೨. ಮೂರರಲ್ಲಿಯೂ ಇರುವುದು ಶಕವರ್ಷ. ಕಲಿಯ ಲೆಕ್ಕವಾಗಲಿ ಭಾರತಯುದ್ಧದ ಲೆಕ್ಕವಾಗಲಿ ಇಲ್ಲ. ಮೌನದಿಂದ ವಾದಿಸುವುದು ಅಪಾಯಕರವೆಂಬುದನ್ನು ನಾವು ಬಲ್ಲೆವು. ಆದರೂ, ಒಂದು ರಾಜವಂಶದ ಸ್ಮರಣೆಯಲ್ಲಿ ಯುದ್ಧದ ವರ್ಷವು ಜೀವಂತವಾಗಿದ್ದಿದ್ದರೆ, ಅಶ್ವಮೇಧದ ಹಿರಿಮೆಯನ್ನು ಹೇಳಿಕೊಳ್ಳುವ ಆ ಅರಸರು ಅದನ್ನು ತೊಂಬತ್ತು ವರ್ಷ ಬಚ್ಚಿಟ್ಟು ೬೩೪ರಲ್ಲಿ ಹೊರತೆಗೆದರೆಂದು ಭಾವಿಸುವುದು ಕಷ್ಟ. ೬೨೮ರಲ್ಲಿ ಬ್ರಹ್ಮಗುಪ್ತನ ಗ್ರಂಥ, ೬೨೯ರಲ್ಲಿ ಒಂದನೆಯ ಭಾಸ್ಕರನ ಆರ್ಯಭಟೀಯ ವ್ಯಾಖ್ಯಾನ, ೬೩೪ರಲ್ಲಿ ಮೇಗುತಿ. ಈ ಸಾಲಿನಲ್ಲಿಟ್ಟಾಗ ನಮ್ಮ ಶಾಸನವು ಒಂಟಿಯಾಗಿ ತೋರುವುದಿಲ್ಲ.

ಈ ವಿದ್ಯೆ ಬಂದ ದಾರಿಯ ಸುಳಿವೂ ಶಾಸನದಲ್ಲಿಯೇ ಇರಬಹುದು. ಲಾಟರು, ಮಾಳವರು, ಗುರ್ಜರರು ಪುಲಕೇಶಿಗೆ ತಲೆಬಾಗಿದರೆಂದು ರವಿಕೀರ್ತಿ ಹೇಳುತ್ತಾನೆ. ಬ್ರಹ್ಮಗುಪ್ತನ ಊರಾದ ಭಿಲ್ಲಮಾಲವು ಗುರ್ಜರ ದೇಶದಲ್ಲಿತ್ತು. ಭಾಸ್ಕರನು ತನ್ನ ವ್ಯಾಖ್ಯಾನದ ಲೆಕ್ಕಗಳಲ್ಲಿ ವಲಭಿಯನ್ನೂ ಲಾಟದ ಭರುಕಚ್ಛವನ್ನೂ ಹೆಸರಿಸುತ್ತಾನೆ. ಸೇನೆ ನಡೆದ ಹಾದಿಯಲ್ಲಿ ಗಣಕರೂ ನಡೆದಿರಬಹುದು. ಇದು ಊಹೆ ಮಾತ್ರ. ನಮ್ಮ ಮುಖ್ಯ ವಾದಕ್ಕೆ ಇದರ ಆಸರೆ ಬೇಕಾಗಿಲ್ಲ.

೭

ಇಲ್ಲಿ ನಾವು ನಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಗ್ರಹಗಣಿತದಿಂದ ಬಂದ ತೇದಿಯನ್ನು ನಂಬಲಾಗದೆಂದರೆ, ಬಾದಾಮಿಯ ಇತಿಹಾಸದ ಬೇರೆ ತೇದಿಗಳ ಗತಿಯೇನು? ಬಾದಾಮಿಗೆ ಸಮೀಪದ ಮಹಾಕೂಟದಲ್ಲಿದ್ದು ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿರುವ ಮಂಗಲೇಶನ ಸ್ತಂಭಶಾಸನವೇ ಇದಕ್ಕೆ ಪರೀಕ್ಷೆಯಾಗಲಿ. ಅದರಲ್ಲಿ ಶಕವರ್ಷವಿಲ್ಲ, ಮಂಗಲೇಶನ ಆಳಿಕೆಯ ಐದನೆಯ ವರ್ಷ, ಸಿದ್ಧಾರ್ಥ ಸಂವತ್ಸರ, ವೈಶಾಖ ಹುಣ್ಣಿಮೆ ಎಂದಷ್ಟೇ ಇದೆ. ಇದು ಕ್ರಿ.ಶ. ೬೦೨ ಎಂದು ವಿದ್ವಾಂಸರು ಒಪ್ಪಿದ್ದಾರೆ.

ಇಂದು ಯುಗಾದಿಗೆ ನಾವು ಓದುವ ಪಂಚಾಂಗದ ಕ್ರಮವನ್ನು ಹಿಂದಕ್ಕೆ ಎಣಿಸಿದರೆ ೬೦೨ಕ್ಕೆ ದುಂದುಭಿ ಸಂವತ್ಸರ ಬರುತ್ತದೆ. ಸಿದ್ಧಾರ್ಥವು ಮೂರು ವರ್ಷ ಮುಂಚೆಯೇ, ೫೯೯ರಲ್ಲಿ, ಮುಗಿದಿರುತ್ತದೆ. ಆದರೆ ಹಳೆಯ ಕ್ರಮದಲ್ಲಿ ಗುರುಗ್ರಹವು ಮಧ್ಯಮಗತಿಯಿಂದ ಒಂದು ರಾಶಿಯನ್ನು ದಾಟುವ ಕಾಲವೇ ಒಂದು ಸಂವತ್ಸರ. ಅದು ಸೌರವರ್ಷಕ್ಕಿಂತ ತುಸು ಚಿಕ್ಕದು. ಸುಮಾರು ೮೫ ವರ್ಷಗಳಿಗೆ ಒಂದು ಸಂವತ್ಸರ ಹೆಚ್ಚಾಗಿ ಕಳೆಯುತ್ತದೆ. ಆರ್ಯಭಟನ ೩,೬೪,೨೨೪ ಭಗಣಗಳನ್ನು ಹನ್ನೆರಡರಿಂದ ಗುಣಿಸಿದರೆ ಯುಗಕ್ಕೆ ೪೩,೭೦,೬೮೮ ಸಂವತ್ಸರಗಳಾಗುತ್ತವೆ. ಕ್ರಿ.ಶ. ೬೦೨ರ ಚೈತ್ರಕ್ಕೆ ಕಲಿಯ ಸಂದ ವರ್ಷಗಳು ೩೭೦೩. ತ್ರೈರಾಶಿಕದಿಂದ ಸಂದ ಸಂವತ್ಸರಗಳು ೩೭೪೬. ಇದರಲ್ಲಿ ಅರವತ್ತರ ಆವೃತ್ತಿಗಳನ್ನು ಕಳೆದರೆ ೨೬ ಉಳಿಯುತ್ತದೆ. ಸೂರ್ಯಸಿದ್ಧಾಂತದ ನಿಯಮದಂತೆ ಕಲಿಯ ಆದಿಯಲ್ಲಿ ವಿಜಯ ಸಂವತ್ಸರ. ವಿಜಯದಿಂದ ೨೬ ಮುಂದಕ್ಕೆ ಎಣಿಸಿದರೆ ಸಿಗುವುದು ಸಿದ್ಧಾರ್ಥ.

ಎಂದರೆ, ಮಹಾಕೂಟದ ಸ್ತಂಭಕ್ಕೆ ನಾವು ಕೊಡುವ ೬೦೨ ಎಂಬ ತೇದಿಯೂ ಗುರುವಿನ ಮಧ್ಯಮಗತಿಯನ್ನು ಹಿಡಿದಾಗ ಮಾತ್ರ ಬರುವ ತೇದಿ. ಒಂದೇ ವಿಶ್ವಸಿದ್ಧಾಂತವನ್ನು ಅಲ್ಲಿ ಒಪ್ಪಿ ಇಲ್ಲಿ ತಳ್ಳಿಹಾಕುತ್ತಿದ್ದೇವೆಯೇ? ಇಲ್ಲ. ಮಹಾಕೂಟದಲ್ಲಿ ಗಣಿತವು ಹೆಸರಿಡುತ್ತಿರುವುದು ಶಾಸನವನ್ನು ಬರೆಸಿದವರು ಬಾಳುತ್ತಿದ್ದ ವರ್ಷಕ್ಕೆ. ಆ ವರ್ಷದ ಗುರುವನ್ನು ಗಣಕರು ಆಕಾಶದಲ್ಲಿ ನೋಡಬಹುದಾಗಿತ್ತು. ಹೆಸರು ತಪ್ಪಿದ್ದರೆ ತಿದ್ದಬಹುದಾಗಿತ್ತು. ಸಿದ್ಧಾಂತವು ರೂಪುಗೊಂಡ ಕಾಲಕ್ಕೂ ಅದಕ್ಕೂ ನಡುವೆ ಕೇವಲ ಒಂದು ಶತಮಾನ. ಮೇಗುತಿಯಲ್ಲಿಯಾದರೋ ಅದೇ ಗಣಿತವು ಹೆಸರಿಡುತ್ತಿರುವುದು ಮೂವತ್ತೇಳು ಶತಮಾನಗಳ ಹಿಂದಿನ, ಯಾರೂ ನೋಡಿ ಸರಿಪಡಿಸಲಾರದ ಒಂದು ಕ್ಷಣಕ್ಕೆ. ಶಾಸನವು ತಾನು ಹುಟ್ಟಿದ ವರ್ಷಕ್ಕೆ ಸಾಕ್ಷಿ. ತಾನು ಹಿಂದಕ್ಕೆ ಎಣಿಸಿದ ವರ್ಷಕ್ಕೆ ಬರಿಯ ಲೆಕ್ಕಿಗ. ಈ ವಿವೇಕವನ್ನು ಇಟ್ಟುಕೊಂಡರೆ ಎರಡು ಶಾಸನಗಳಿಗೂ ನ್ಯಾಯ ದೊರೆಯುತ್ತದೆ.

೮

ಕೊನೆಯದಾಗಿ ಕವಿಯ ವಿಷಯ. ರವಿಕೀರ್ತಿಯು ಜೈನ, ಶಾಸನವು ಜಿನೇಂದ್ರನ ಸ್ತುತಿಯಿಂದ ಆರಂಭವಾಗುತ್ತದೆ, ಅವನು ಕಟ್ಟಿಸಿದುದು ಜಿನಭವನ. ಜೈನಾಗಮಗಳ ವಿಶ್ವವಾದರೋ ಆರ್ಯಭಟನ ವಿಶ್ವವಲ್ಲ. ಅಲ್ಲಿ ಜಂಬೂದ್ವೀಪವು ಚಪ್ಪಟೆಯಾದ ವೃತ್ತ. ಅದರ ನಡುವೆ ಮೇರು. ಮೇರುವಿನ ಸುತ್ತ ಎರಡು ಸೂರ್ಯರೂ ಎರಡು ಚಂದ್ರರೂ ಸರದಿಯಂತೆ ತಿರುಗುತ್ತಾರೆ. ಈ ಮತವನ್ನು ವರಾಹಮಿಹಿರನು ಪಂಚಸಿದ್ಧಾಂತಿಕೆಯಲ್ಲಿ ಹೆಸರಿಸಿಯೇ ಖಂಡಿಸಿದ್ದಾನೆ. ಜೈನರ ಕಾಲಚಕ್ರದಲ್ಲಿ ಕೃತ, ತ್ರೇತಾ, ದ್ವಾಪರ, ಕಲಿಗಳಿಲ್ಲ, ಉತ್ಸರ್ಪಿಣಿ ಅವಸರ್ಪಿಣಿಗಳಿವೆ. ಕಾಲವನ್ನ ಎಣಿಸಲು ಅವರಿಗೆ ತಮ್ಮದೇ ಆದ ವೀರನಿರ್ವಾಣದ ಲೆಕ್ಕವಿತ್ತು. ಶಕಕ್ಕೆ ೬೦೫ ವರ್ಷ ಐದು ತಿಂಗಳು ಹಿಂದೆ ವರ್ಧಮಾನನು ನಿರ್ವಾಣ ಹೊಂದಿದನೆಂಬ ಸಂಪ್ರದಾಯದಂತೆ ರವಿಕೀರ್ತಿಯು ವೀರನಿರ್ವಾಣ ೧೧೬೧ ಎಂದು ಬರೆಯಬಹುದಾಗಿತ್ತು. ಅವನು ಹಾಗೆ ಬರೆಯಲಿಲ್ಲ.

ಜಿನಾಲಯದ ಗೋಡೆಯ ಮೇಲೆ ಜೈನ ಕವಿಯು ತನ್ನ ಆಗಮದ ವಿಶ್ವವನ್ನು ಬದಿಗಿಟ್ಟು ಸಿದ್ಧಾಂತಿಗಳ ಕಲಿಯನ್ನು ಬಳಸಿದನೆಂದರೆ, ಆ ಲೆಕ್ಕವು ಆಗಲೇ ಮತಗಳ ಎಲ್ಲೆಯನ್ನು ದಾಟಿ, ಆಸ್ಥಾನದಲ್ಲಿ ಎಲ್ಲರೂ ಒಪ್ಪುವ ಅಳತೆಗೋಲಾಗಿತ್ತೆಂದು ತಿಳಿಯಬೇಕು. ಪಾಟಲೀಪುತ್ರದ ಕುಸುಮಪುರದ ಹೆಸರನ್ನು ಹೇಳುವ ಆರ್ಯಭಟನ ೩೬೦೦ನೆಯ ಕಲಿವರ್ಷದಿಂದ ಮಲಪ್ರಭೆಯ ದಂಡೆಯ ೩೭೩೫ರವರೆಗೆ ಕಳೆದುದು ೧೩೫ ವರ್ಷ. ಅಚ್ಚುಕೂಟವಿಲ್ಲದ, ತಾಳೆಗರಿಯ ಆ ದಿನಗಳಲ್ಲಿ ಇದು ದೀರ್ಘವಾದ ಕಾಲವಲ್ಲ. ಕಲಿಯ ಲೆಕ್ಕವನ್ನು ಬಳಸಿದ ಅತ್ಯಂತ ಹಳೆಯ ಶಾಸನಗಳಲ್ಲಿ ಇದೂ ಒಂದೆಂಬುದು ನಮ್ಮ ನಾಡಿಗೆ ಹೆಮ್ಮೆಯ ವಿಷಯವೇ ಸರಿ.

ಒಂದು ಆಕ್ಷೇಪಣೆ ಉಳಿಯುತ್ತದೆ. ಆರ್ಯಭಟನಿಗಿಂತ ಮೊದಲೇ ಜನರಲ್ಲಿ ೩೧೦೨ರ ನೆನಪು ಇದ್ದು, ಅವನು ಅದಕ್ಕೆ ಗಣಿತವನ್ನು ಹೊಂದಿಸಿದನೆಂದೇಕೆ ತಿಳಿಯಬಾರದು? ಹಾಗೆ ತಿಳಿಯಲು ಆರ್ಯಭಟನಿಗಿಂತ ಹಿಂದಿನ, ಆ ಸಂಖ್ಯೆಯುಳ್ಳ ಒಂದು ಶಾಸನವನ್ನಾದರೂ ತೋರಿಸಬೇಕಾಗುತ್ತದೆ. ಅಂಥದು ಸಿಕ್ಕಿದ ದಿನ ನಮ್ಮ ವಾದವನ್ನು ತಿದ್ದಿಕೊಳ್ಳಲು ನಾವು ಸಿದ್ಧರಿದ್ದೇವೆ. ಅಲ್ಲಿಯವರೆಗೆ, ಆರ್ಯಭಟನಿಗಿಂತ ನೂರು ವರ್ಷಗಳಿಗೂ ಹೆಚ್ಚು ಈಚಿನ ಮೇಗುತಿಯ ಶಾಸನವನ್ನು ಅವನಿಂದ ಸ್ವತಂತ್ರವಾದ ಸಾಕ್ಷಿಯೆಂದು ಕರೆಯುವುದು ಪ್ರಮಾಣಶಾಸ್ತ್ರಕ್ಕೆ ವಿರುದ್ಧ. ಮಹಾಭಾರತದ ಯುದ್ಧ ನಡೆಯಿತೇ, ನಡೆದಿದ್ದರೆ ಯಾವಾಗ ಎಂಬ ಪ್ರಶ್ನೆಯನ್ನು ಈ ಲೇಖನವು ಮುಟ್ಟಿಲ್ಲ. ಆ ಪ್ರಶ್ನೆಗೆ ಉತ್ತರವನ್ನು ಈ ಗೋಡೆಯಲ್ಲಿ ಹುಡುಕಬಾರದೆಂಬುದಷ್ಟೇ ನಮ್ಮ ಮಾತು.

ಆದುದರಿಂದ ಗುಡ್ಡ ಹತ್ತಿ ಬಂದ ವಿದ್ಯಾರ್ಥಿಗೆ ಅಧ್ಯಾಪಕರು ಕೊಡಬೇಕಾದ ಉತ್ತರ ಬರಿಯ ‘ಅಲ್ಲ’ ಎಂಬುದಾಗಬಾರದು. ಅವನ ಕೈಗೆ ಒಂದು ಹಾಳೆಯನ್ನು ಕೊಟ್ಟು ೩೭೩೫ರಲ್ಲಿ ೫೫೬ನ್ನು ಕಳೆಯಲು ಹೇಳಬೇಕು. ಶನಿಯ ಭಗಣಗಳನ್ನು ನಾಲ್ಕರಿಂದ ಭಾಗಿಸಲು ಹೇಳಬೇಕು. ಆಗ ಅವನು ಆ ಕಲ್ಲಿನಲ್ಲಿ, ಕುರುಕ್ಷೇತ್ರದ ಧೂಳಿಗೆ ಬದಲಾಗಿ, ತನ್ನ ಸೀಮೆಯಲ್ಲಿ ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ ಗ್ರಹಗಳ ನಡೆಯನ್ನು ಎಣಿಸಲು ಬಲ್ಲವರಿದ್ದರೆಂಬುದನ್ನು ಕಾಣುತ್ತಾನೆ. ಶಾಸನವು ನಿಜವಾಗಿ ಹೇಳುತ್ತಿರುವುದೂ ಅದನ್ನೇ.